ಕಾಲುದಾರಿ ನಿಂತ ಜಾಗ

ಮಾನ್ಯ ಅರಣ್ಯಾಧಿಕಾರಿಗಳೇ,

ನಮ್ಮ ಊರು ಇಲ್ಲವೆಂದು ತಾವು ಸಾಬೀತು ಮಾಡಿದಿರಿ. ಅದಕ್ಕೆ ನನ್ನ ಮಗಳು ಸತ್ತಳು. ಅಭಿನಂದನೆಗಳು.

ತಾವು ಗಾಜು ಹಾಕಿಸಿ ಕಚೇರಿಯಲ್ಲಿ ತೂಗುಹಾಕಿರುವ ಹಳೆಯ ನಕ್ಷೆಯಲ್ಲಿ ನಮ್ಮ ಬೆಟ್ಟಕ್ಕೆ ಬರೀ ಹಸಿರು ಬಳಿದಿದೆ. ಆದ್ದರಿಂದ ತಲೆಮಾರುಗಳಿಂದ ಈ ಬೆಟ್ಟದಲ್ಲೇ ಬಾಳಿದ ಬುಡಕಟ್ಟಿನವರಾದ ನಾವು ಕರೆನ್ ಜನ ಮೊನ್ನೆ ಮೊನ್ನೆ ನುಗ್ಗಿದ ಒತ್ತುವರಿದಾರರು. ಆದರೆ ಅದೇ ನಕ್ಷೆಯಲ್ಲಿ ಹೊಳೆಯಿಂದ ಒಂದು ಚುಕ್ಕೆ ಗೆರೆ ಮೇಲೇರಿ ಕಾಡಿನ ನಡುವೆ ಥಟ್ಟನೆ ನಿಂತುಹೋಗುತ್ತದೆ. ಅದು ಕಾಲುದಾರಿಯಂತೆ, ಮೂಲೆಯಲ್ಲಿ ಬರೆದಿದೆ. ಜನರಿಲ್ಲದ ಕಾಡಿನಲ್ಲಿ ದಾರಿ ಸವೆಸಿದವರು ಯಾರು ಸ್ವಾಮಿ? ಕರಡಿಗಳು ಸಂತೆಗೆ ಹೋಗಿ ಬರುತ್ತಿದ್ದವೇ?

ಆ ಗೆರೆ ನಿಂತದ್ದು ನಮ್ಮೂರ ಬಾಗಿಲಲ್ಲಿ. ಸರ್ವೆಯವರು ಬಂದ ದಿನ ಊರ ದೈವದ ಪೂಜೆಯಿತ್ತು. ಬಾಗಿಲಿಗೆ ಬಿದಿರಿನ ಹೆಣಿಗೆ ಕಟ್ಟಿದ ಮೇಲೆ ಹೊರಗಿನವರು ಒಳಗೆ ಕಾಲಿಡುವಂತಿಲ್ಲ. ನನ್ನ ಅಜ್ಜ ಕೇದೊ ಅವರನ್ನು ಅಲ್ಲೇ ತಡೆದ. "ಇವತ್ತು ಊರು ಮುಚ್ಚೈತೆ, ಬೇಜಾರು ಮಾಡ್ಕೋಬ್ಯಾಡಿ. ಇಲ್ಲೇ ಕುಂತ್ಕಳಿ, ಅನ್ನ ತರ್ತೀವಿ." ಅವರು ಹೊಟ್ಟೆ ತುಂಬ ಉಂಡು ಇಳಿದುಹೋದರು. ಕಣ್ಣಿಗೆ ಬೀಳದ ಊರನ್ನು ಬರೆಯಲಿಲ್ಲ. "ಒಳ್ಳೇ ಮಂದಿ, ಹೇಳಿದ್ ಮಾತು ಕೇಳಿದ್ರು" ಎಂದು ಅಜ್ಜ ಸಾಯುವವರೆಗೂ ಹೊಗಳುತ್ತಿದ್ದ. ಪಾಪ, ಅವರು ಬಿಟ್ಟುಹೋದದ್ದು ಏನೆಂದು ಅವನಿಗೆ ಗೊತ್ತಾಗಲೇ ಇಲ್ಲ.

ಈಗ ಬಾಗಿಲು ತಮ್ಮದು. ಅದೇ ದಾರಿಗೆ ಗೇಟು ಹಾಕಿಸಿದ್ದೀರಿ. ಮಗಳು ಮೂಪೊ ಜ್ವರದಲ್ಲಿ ನರಳುತ್ತಿದ್ದಳು. ಆಸ್ಪತ್ರೆಗೆಂದು ಎತ್ತಿಕೊಂಡು ಬಂದೆವು. ಕಾವಲುಗಾರ ಪಾಸ್ ಕೇಳಿದ. ನಮ್ಮಲ್ಲಿಲ್ಲ, ನೀನೇ ಕೊಡಿಸು ಎಂದೆವು.

"ನಿಮ್ಮೂರೇ ನಕ್ಷೇಲಿಲ್ಲ. ಇಲ್ಲದ ಊರಿಗೆ ಪಾಸ್ ಎಲ್ಲಿಂದ ತರ್ಲಿ? ಸಾಹೇಬ್ರು ಊಟ ಮಾಡಿ ಮಲಗವ್ರೆ, ಎದ್ದ ಮೇಲೆ ಕೇಳ್ತೀನಿ."

ನನ್ನ ಹೆಂಡತಿ ಮಗುವಿನ ಮೇಲಿನ ಹೊದಿಕೆ ಸರಿಸಿದಳು. "ಅಣ್ಣಾ, ಇಲ್ನೋಡು. ಇವಳೂ ನಕ್ಷೇಲಿಲ್ವಾ?"

ಅವನು ಮುಖ ತಿರುಗಿಸಿದ. ತಾವು ಎದ್ದು ಮುಖ ತೊಳೆದು ಹೊರಗೆ ಬರುವಷ್ಟರಲ್ಲಿ ಪಾಸಿನ ಅಗತ್ಯ ಮುಗಿದಿತ್ತು. ನಿದ್ದೆ ಚೆನ್ನಾಗಿ ಬಂದಿತ್ತೇ? ನಮ್ಮ ಅಜ್ಜ ಬಂದವರನ್ನು ತಡೆದಾಗ ಅನ್ನವಾದರೂ ಇಟ್ಟಿದ್ದ. ತಮ್ಮ ಗೇಟಿನಲ್ಲಿ ಒಂದು ಲೋಟ ನೀರೂ ಸಿಗಲಿಲ್ಲ.

ಮನೆ ಉಳಿಸಿ ಎಂದು ಕೇಳುವುದಿಲ್ಲ; ಅದನ್ನು ಹೇಗೂ ಕೆಡವುತ್ತೀರಿ. ಕೋರುವುದು ಇಷ್ಟೇ. ಆ ನಕ್ಷೆಯ ಮೂಲೆಯಲ್ಲಿ ಸಮಾಧಿಗೂ ಒಂದು ಗುರುತು ಕೊಟ್ಟಿದ್ದಾರೆ. ಗಾಜು ತೆಗೆಸಿ, ಕಾಲುದಾರಿ ನಿಂತ ಜಾಗದಲ್ಲಿ ತಮ್ಮ ಕೈಯಾರೆ ಅದನ್ನು ಬರೆಯಿರಿ. ಚಿಕ್ಕದಾಗಿ ಬರೆದರೆ ಸಾಕು. ಅವಳಿಗಿನ್ನೂ ನಡೆಯಲು ಬರುತ್ತಿರಲಿಲ್ಲ.

ಇಂತಿ,
ತಮ್ಮ ನಕ್ಷೆಯ ಪ್ರಕಾರ ಇನ್ನೂ ಹುಟ್ಟದ,
ಮೂಪೊಳ ಅಪ್ಪ