ಎದುರುಮನೆಯಲ್ಲಿ ನಿನ್ನ ಶಾಲು

ದೊಡ್ಡವ್ವ,

ನೀನು ತೀರಿಕೊಂಡ ಮೇಲೆ ನಿನ್ನ ಕೆಂಪು ಶಾಲನ್ನು ಎದುರುಮನೆಯ ಶೇಖರಮ್ಮನಿಗೆ ಕೊಟ್ಟಿದ್ದೆವು. ಈ ಮೇ ತಿಂಗಳ ಮಸ್ಕಿಯ ಬಿಸಿಲಲ್ಲಿ ಆಕೆ ಅದನ್ನು ಹೊದ್ದು ಕಟ್ಟೆಯ ಮೇಲೆ ನಡುಗುತ್ತ ಕೂತಿದ್ದಳು. ನಿನ್ನಂತೆಯೇ ಮುಖ ಬಿಳಿಚಿತ್ತು, ಹುಬ್ಬಿನ ಕೂದಲು ಉದುರಿತ್ತು. "ತಿಮ್ಮವ್ವ ಆಕಿ ಮೈಯಾಗ ಬಂದಾಳ" ಎಂದು ನಿನ್ನ ಹೆಸರು ಹೇಳಿತು ಓಣಿ. ನನಗೂ ಹಾಗೇ ಅನ್ನಿಸಿತು. ಆದರೂ ಆಕೆಯನ್ನು ಸಿಂಧನೂರಿನ ಆಸ್ಪತ್ರೆಗೆ ಕರೆದೊಯ್ದೆ.

"ಕೊನೀ ಹೆರಿಗ್ಯಾಗ ಭಾಳ ರಕ್ತ ಹೋಗಿತ್ತೇನಮ್ಮ? ಎದಿಹಾಲು ಬಂದಿತ್ತೇನು?" ಎಂದು ಡಾಕ್ಟರು ಕೇಳಿದರು.

"ಸಾಯೋದೊಂದು ಬಾಕಿ ಇತ್ರಿ. ಹಾಲು ಒಂದು ಹನಿನೂ ಬರಲಿಲ್ಲ. ನನ್ನ ಮಗನ್ನ ಸಾಕಿದ್ದು ಎಮ್ಮಿ, ಅದಕ್ಕ ಕರದ್ರ ತಿರುಗಿ ನೋಡಂಗಿಲ್ಲ."

ನರ್ಸ್ ನಕ್ಕಳು. ನಿನಗೂ ಹಾಲು ಬಂದಿರಲಿಲ್ಲ. ನೀನೂ ನಗುತ್ತಲೇ ಹೇಳುತ್ತಿದ್ದೆ.

ರಕ್ತಪರೀಕ್ಷೆಯಾಯಿತು. ಮೈಯ ಕಾವನ್ನೂ ಎದೆಹಾಲನ್ನೂ ನಡೆಸುವ, ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ರಕ್ತ ಹೋದ ಆ ಹೆರಿಗೆಯಲ್ಲೇ ಬತ್ತಿತ್ತಂತೆ.

"ಮೊದಲು ಈ ಸ್ಟಿರಾಯ್ಡ್ ಗುಳಿಗಿ. ಥೈರಾಯ್ಡ್ ಗುಳಿಗಿ ಆಮ್ಯಾಲ. ಅದೊಂದನ್ನ ಮೊದಲು ಕೊಟ್ರ ಜೀವಕ್ಕ ಕುತ್ತು, ತಿಳೀತೇನವಾ?" ಎಂದು ಡಾಕ್ಟರು ನನ್ನನ್ನು ನೋಡಿದರು. ತಲೆಯಾಡಿಸಿದೆ.

ಇವತ್ತು ಶೇಖರಮ್ಮ ತಾನೇ ನಡೆದು ಬಂದು ಶಾಲು ಮರಳಿಸಿದಳು. "ಸೆಕಿ ಆಗಾಕತ್ತೈತಿ ಬೇ, ನೀನ ಇಟ್ಕೋ." ಶಾಲು ಬೆಚ್ಚಗಿತ್ತು. ನಿನ್ನ ಮೈಮೇಲೆ ಅದು ಎಂದೂ ಬೆಚ್ಚಗಾಗಿರಲಿಲ್ಲ.

ಅದನ್ನಿಡಲು ಕಪಾಟು ತೆಗೆದಾಗ ನಿನ್ನ ಥೈರಾಯ್ಡ್ ಗುಳಿಗೆಯ ಶೀಟು ಸಿಕ್ಕಿತು. ನಿನಗೆ ಕೊಟ್ಟದ್ದು ಅದೊಂದೇ. ಒಂಬತ್ತು ಗುಳಿಗೆ ಮಾತ್ರ ಖಾಲಿಯಾಗಿವೆ; ಹತ್ತನೆಯ ದಿನ ನೀನಿರಲಿಲ್ಲ.

ದಿನಾ ಬೆಳಿಗ್ಗೆ ನಾನೇ ಕೊಡುತ್ತಿದ್ದೆ, ದೊಡ್ಡವ್ವ. ಒಂದು ದಿನವೂ ಮರೆಯಲಿಲ್ಲ.