ಮೂರು ಬಗೆಯ ಮುಳ್ಳುಂಡೆ ಮತ್ತು ಶ್ರೀಕರನ ಮದುವೆ

ಆಲ್ಮೆರೆ, ನೆದರ್‌ಲ್ಯಾಂಡ್ಸ್
ಭಾನುವಾರ, ೯ ನವೆಂಬರ್ ೨೦೨೫

ಪ್ರೀತಿಯ ರುಕ್ಮಿಣಿ ಅಕ್ಕಾ,

ನಿನ್ನ ಪಾದ ಮುಟ್ಟಿ ವಾಮನ ಬರೆಯುವುದು. ಮಂಡಿನೋವು ಹೇಗುಂಟು? ಎಣ್ಣೆ ತಿಕ್ಕಿ ಬಿಸಿನೀರು ಹಾಕಿಕೊಳ್ಳುತ್ತೀಯೋ, ಬಾಟಲಿ ನೋಡಿಯೇ ಗುಣವಾಗಲಿ ಎಂದು ಕೂತಿದ್ದೀಯೋ? ಫೋನಿನಲ್ಲಿ ನಿನಗೆ ಸರಿಯಾಗಿ ಕಿವಿ ಕೇಳುವುದಿಲ್ಲ, ಅದಕ್ಕೇ ಈ ಕಾಗದ. ನಾನು ಮಗ ಶ್ರೀಕರನ ಎರಡು ಸ್ವೆಟರ್ ಒಂದರ ಮೇಲೊಂದು ಹಾಕಿಕೊಂಡು ಇನ್ ಗುಡ್ ಹೆಲ್ತ್ ಅಂಡ್ ಹೋಪ್ ದ ಸೇಮ್.

ನಿನ್ನೆ ಅವನ ಜೊತೆ ಹಾರ್ಲೆಮ್‌ನಲ್ಲಿರುವ ಎಮಿಯ ಮನೆಗೆ ಹೋಗಿದ್ದೆ. ಎಮಿ ಅಂದರೆ ಅವನು ಮದುವೆಯಾಗಬೇಕೆಂದಿರುವ ಜಪಾನಿ ಹುಡುಗಿ. "ಜಾತಕ ಎಲ್ಲುಂಟು?" ಎಂದು ಕೇಳಿ ನೀನು ಫೋನ್ ಇಟ್ಟೆಯಲ್ಲ, ಅವಳೇ. ಅವಳಪ್ಪ ಮೊರಿಶಿತಾ ಇಲ್ಲಿನ ಹೋಟೆಲುಗಳಿಗೆ ಜಪಾನಿನಿಂದ ಮೀನು ತರಿಸುವವರು. ಅವರು ನಮ್ಮ ಮುಂದೆ ಇಟ್ಟದ್ದು ಏನು ಗೊತ್ತೇ? ನಮ್ಮ ಕಡಲಬಂಡೆಯ ಸಂದಿಯಲ್ಲಿ ಕಾಲಿಗೆ ಚುಚ್ಚುವ ಕಪ್ಪು ಮುಳ್ಳಿನ ಉಂಡೆ ಉಂಟಲ್ಲ, ಅದರ ಹೊಟ್ಟೆಯೊಳಗಿನದ್ದು! ಉನಿ ಎನ್ನುತ್ತಾರೆ. ಹಸಿಯಾಗಿಯೇ ತಿನ್ನುವುದು, ಹುಳಿಯಿಲ್ಲ, ಮೆಣಸಿಲ್ಲ. ಅದರಲ್ಲೂ ಮೂರು ಬಗೆ. ಮೊದಲನೆಯದು ಮುರಾಸಾಕಿ: ಹಳದಿ, ಎಳನೀರಿನ ಗಂಜಿಯಷ್ಟು ಮೆತ್ತಗೆ, ರುಚಿ ಬಂತು ಎನ್ನುವಷ್ಟರಲ್ಲಿ ಹೋಯಿತು. ಎರಡನೆಯದು ಬಾಫುನ್: ಕಿತ್ತಳೆ ಬಣ್ಣ, ತುಂಬಿದ ಏಡಿಯ ಕೊಬ್ಬಿಗೆ ಬೆಲ್ಲ ಸೋಕಿಸಿದ ಹಾಗೆ. ಮೂರನೆಯದು ಆಕಾ: ಕಡಲಗಾಳಿಯನ್ನು ಬೆಣ್ಣೆಯಲ್ಲಿ ಕಲಸಿದಂತೆ. ಹೋಲಿಸಿ ನೋಡಬೇಕಲ್ಲ ಎಂದು ಬಾಫುನ್ನನ್ನು ಮತ್ತೆ ಮತ್ತೆ ತಿಂದೆ. ನನ್ನ ಸುಗುಣ ತೀರಿಕೊಂಡ ಮೇಲೆ ಇಷ್ಟು ಒತ್ತಾಯ ಮಾಡಿ ನನಗೆ ಬಡಿಸಿದವರಿಲ್ಲ, ಅಕ್ಕಾ.

ಆಗ ಮೊರಿಶಿತಾ, "ವಿಚ್ ಈಸ್ ಬೆಸ್ಟ್?" ಎಂದರು. ಹೆಣ್ಣಿನ ಮನೆ, ತಿಂಡಿ ಮುಗಿದಿದೆ, ಹುಡುಗಿ ಟೀ ಹಿಡಿದು ನಿಂತಿದ್ದಾಳೆ. ನನ್ನ ಬಾಯಿಂದ ಅಭ್ಯಾಸಬಲದಲ್ಲಿ ಹೊರಟೇಬಿಟ್ಟಿತು: "ವೀ ವಿಲ್ ಗೋ ಹೋಮ್ ಅಂಡ್ ಇನ್ಫಾರ್ಮ್ ಬೈ ಲೆಟರ್." ನಮ್ಮಲ್ಲಿ ಹಾಗೆಂದು ಎದ್ದುಹೋದವರು ಯಾರಾದರೂ ಕಾಗದ ಬರೆದದ್ದುಂಟೇ? ಜಪಾನಿನಲ್ಲೂ ಯೋಚಿಸಿ ಹೇಳುತ್ತೇವೆ ಎಂದರೆ ಬೇಡ ಎಂದೇ ಅಂತೆ! ಎಮಿಯ ಮುಖ ಸಣ್ಣದಾಯಿತು. ರೈಲಿನಲ್ಲಿ ಶ್ರೀಕರ, "ಅಪ್ಪಾ, ನೀವು ಎಂತ ಹೇಳಿ ಬಂದ್ರಿ ಗೊತ್ತುಂಟಾ? ಹುಡುಗಿ ಬೇಡ ಅಂದ ಹಾಗಾಯ್ತು!" ಎಂದ. ರಾತ್ರಿ ಊಟ ಮಾಡಲಿಲ್ಲ.

ಇವತ್ತು ಬೆಳಿಗ್ಗೆ ಅವನು ಏಳುವ ಮೊದಲೇ ಒಬ್ಬನೇ ರೈಲು ಹತ್ತಿದೆ. ಮೊರಿಶಿತಾ ಬಾಗಿಲು ತೆರೆದದ್ದೇ ಹೊಸ್ತಿಲಲ್ಲೇ ಕೂಗಿದೆ: "ಯುವರ್ ಡಾಟರ್ ಈಸ್ ಬೆಸ್ಟ್! ಬಾಫುನ್ ಈಸ್ ಸೆಕೆಂಡ್!" ಅವರು ಬಾಗಿದರು. ನಾನೂ ಬಾಗಿದೆ. ಅವರು ಇನ್ನೂ ಬಾಗಿದರು. ನಾನು ಬಿಡಲಿಲ್ಲ, ಸೊಂಟ ಹಿಡಿದುಕೊಂಡಿತು. ಕೊನೆಗೆ ಎಮಿ ಓಡಿಬಂದು ನನ್ನನ್ನು ನೆಟ್ಟಗೆ ಮಾಡಿದಳು. ಅಳುತ್ತಿದ್ದಳೋ ನಗುತ್ತಿದ್ದಳೋ, ಬಾಗಿದ್ದವನಿಗೆ ಕಾಣಲಿಲ್ಲ.

ಮನೆಯವರಿಗೆಲ್ಲ ನನ್ನ ನೆನಪು ಹೇಳು. ಬೆಕ್ಕಿಗೂ, ಇನ್ನೂ ಇದ್ದರೆ.

ಯುವರ್ಸ್ ಒಬಿಡಿಯಂಟ್ಲಿ, ನಿನ್ನ ತಮ್ಮ
ವಾಮನ

ಮರೆತಿದ್ದೆ: ಮನೆಯ ಹಿರಿಯರು ಒಪ್ಪದೆ ಮದುವೆ ಇಲ್ಲ ಎನ್ನುತ್ತಾರೆ ಮೊರಿಶಿತಾ. ನಾನೇ ಹಿರಿಯ ಎಂದುಬಿಡಬಹುದಿತ್ತು, ಬಾಯಿ ಬರಲಿಲ್ಲ. ಅಕ್ಕ ಇದ್ದಾಳೆ ಎಂದೆ. ಎಮಿಯ ಅಪ್ಪ ಅಮ್ಮ ಇಬ್ಬರೂ ಡಿಸೆಂಬರ್ ಮೊದಲ ವಾರ ಕುಂದಾಪುರಕ್ಕೆ, ನಿನ್ನನ್ನು ಕೇಳಲಿಕ್ಕೆಂದೇ ಬರುತ್ತಿದ್ದಾರೆ. ಟಿಕೆಟ್ ಆಗಿದೆ. ಬೈಯುವುದಿದ್ದರೆ ಆಮೇಲೆ ನನಗೆ ಬೈ. ಅವರಿಗೆ ಕಾಫಿ ಕೊಡುವ ಮೊದಲೇ ಹೂಂ ಎಂದುಬಿಡು, ಅಕ್ಕಾ.