ಕೆಂಪು ಏಲ್‌ನ ಮೂರನೇ ಗುಟುಕು

ಭಾನುವಾರ, ಬೆಳಿಗ್ಗೆ

ನನ್ನ ಮುದ್ದು ಮೊಂಡಿಗೆ ಅಮ್ಮನ ಮುತ್ತುಗಳು.

ನೀನು ಕಳಿಸಿದ ಕೆಂಪು ಏಲ್ ಬಿಯರ್ ಬಾಟಲಿ ಬಂತು. ಜೊತೆಗಿದ್ದ ಚೀಟಿಯನ್ನೂ ಓದಿದೆ. ಅಮ್ಮ ಸರಿ ಅಂದರೆ ಮಾತ್ರ ಶುಕ್ರವಾರ ಅಂಗಡಿಗಳಿಗೆ ಕಳಿಸುತ್ತೇನೆ, ಇದು ಕೈಕೊಟ್ಟರೆ ಬ್ರೂವರಿ ಬಾಗಿಲು ಮುಚ್ಚುವುದೇ ಅಂತ ಬರೆದಿದ್ದೀಯಲ್ಲ, ಅಬ್ಬಬ್ಬಾ, ಎಂಥ ಭಾರ ಹೊರಿಸಿದೆಯೇ ನನ್ನ ಮೇಲೆ! ಬೇರೆಯವರ ಬ್ರೂವರಿಯಲ್ಲಿ ರುಚಿ ನೋಡಿ ನೋಡಿಯೇ ಸವೆದ ನಾಲಿಗೆ ಇದು. ಸ್ವಂತ ಮಗಳ ಮೊದಲ ಏಲ್‌ಗೆ ಸುಳ್ಳು ಹೇಳುತ್ತದೆಯೇ?

ನಾನು ಆರಾಮಾಗಿದ್ದೇನೆ. ಗಂಟಲಿನ ಚಿಕಿತ್ಸೆ ಮುಗಿಯಿತು. ವೈದ್ಯೆ ನಗುನಗುತ್ತಲೇ ಮಾತಾಡುತ್ತಾರೆ, ಅಂದಮೇಲೆ ನಿನಗೇಕೆ ಗಾಬರಿ? ಕೆಲಸ ಬಿಟ್ಟು ಓಡಿ ಬರಬೇಡ.

ನಿನಗೆ ಕಲಿಸಿದ ಕ್ರಮದಲ್ಲೇ ನೋಡಿದ್ದಾಯಿತು. ಮೊದಲ ಗುಟುಕು ಬಾಯಲ್ಲಿ ಆಡಿಸಿ ಉಗುಳುವುದಕ್ಕೆ, ಎರಡನೆಯದು ನುಂಗುವುದಕ್ಕೆ, ಮೂರನೆಯದು ಲೋಟ ಅಂಗೈಯಲ್ಲೇ ಬೆಚ್ಚಗಾದ ಮೇಲೆ. ತಣ್ಣಗಿದ್ದಾಗ ಎಲ್ಲ ಏಲೂ ಸಭ್ಯಸ್ಥನೇ. ಹುಳುಕು ಹೊರಬೀಳುವುದು ಮೂರನೇ ಗುಟುಕಿನಲ್ಲಿ.

ಮುಚ್ಚಳ ತೆಗೆದದ್ದೇ ತಡ, ನೊರೆ ಉಕ್ಕಿ ಮೇಜೆಲ್ಲ ಒದ್ದೆ. ದಾರಿಯಲ್ಲಿ ವ್ಯಾನು ಕುಲುಕಿರಬೇಕು, ಬಿಡು. ಬಣ್ಣ ಮಾತ್ರ ಏನು ಹೇಳಲಿ! ಕಿಟಕಿಯ ಬೆಳಕಿಗೆ ಹಿಡಿದರೆ ಮಖಮಲ್ಲಿನ ಕೆಂಪು. ಮೂಗಿಗೆ ಮೊದಲು ಸಿಗುವುದು ಕಹಿಗೆಂದು ಹಾಕುವ ಹಾಪ್ ಹೂವು, ಕಿತ್ತಳೆ ಸಿಪ್ಪೆ ಹಿಂಡಿದಂತೆ. ಆಮೇಲೆ ಹುರಿದ ಬಾರ್ಲಿ ಮಾಲ್ಟು, ಇಸ್ತ್ರಿಪೆಟ್ಟಿಗೆ ಒಂಚೂರು ಹೆಚ್ಚು ಹೊತ್ತು ನಿಂತ ಬಟ್ಟೆಯ ವಾಸನೆ. ಕಹಿ ನಾಲಿಗೆಯ ಬುಡದಲ್ಲಿ ಗುಂಡುಸೂಜಿ ಚುಚ್ಚಿದ ಹಾಗೆ ನಿಂತು, ನಿಧಾನಕ್ಕೆ ಬಿಡುತ್ತದೆ.

ನೀನು ಚಿಕ್ಕವಳಿದ್ದಾಗ ಬ್ರೂವರಿಯ ಮಾಲ್ಟ್ ಮೂಟೆಗಳ ಮೇಲೆ ಬಿದ್ದುಕೊಂಡು ಪಾಠ ಓದುತ್ತಿದ್ದೆ, ನೆನಪಿದೆಯಾ? ನಾನು ತೊಟ್ಟಿ ತೊಳೆಯುತ್ತಲೇ ಇದ್ದರೆ, ಸಾಕು ಬಾರಮ್ಮ ಎಂದು ನೀನು ಗೊಣಗುತ್ತಿದ್ದೆ. ಒಂದು ಕೊಳವೆಯ ಮೂಲೆಯಲ್ಲಿ ಕೊಳೆ ಉಳಿದರೂ ಇಡೀ ತೊಟ್ಟಿ ಹುಳಿಯಾಗುತ್ತದೆ, ಬಾಟಲಿ ತೆಗೆದರೆ ನೊರೆ ಉಕ್ಕುತ್ತದೆ ಕಣೇ ಎಂದು ನಾನು ಬೈಯುತ್ತಿದ್ದೆ. ನೀನು ಅದನ್ನು ಮರೆತಿರಲಾರೆ.

ನಿಮ್ಮಪ್ಪನಿಗೂ ಒಂದು ಲೋಟ ಕೊಟ್ಟೆ. ಜನ್ಮದಲ್ಲಿ ಮುಟ್ಟದ ಮನುಷ್ಯ, ಭೇದಿ ಔಷಧಿ ಕುಡಿದವರ ಹಾಗೆ ಮುಖ ಕಿವುಚಿಕೊಂಡು, ಇದಕ್ಕೂ ಜನ ದುಡ್ಡು ಕೊಡ್ತಾರೇನೇ ಅಂತ ಕೇಳಿದರು. ಹೊಲಿಗೆ ಯಂತ್ರ ಬಿಟ್ಟರೆ ಅವರಿಗೇನು ಗೊತ್ತು, ಪಾಪ.

ಕಳಿಸು, ಧೈರ್ಯವಾಗಿ ಕಳಿಸು. ನನ್ನ ಕೈಯಲ್ಲಿ ಆದ ಯಾವ ಏಲೂ ಇಷ್ಟು ಚೆನ್ನಾಗಿರಲಿಲ್ಲ. ಹೊಟ್ಟೆಕಿಚ್ಚಾಗುತ್ತಿದೆ ಕಣೇ.

ಇಂತಿ ನಿನ್ನ,
ಅಮ್ಮ

ತಾ.ಕ.: ಮಗಳೇ, ಇದು ಅಪ್ಪ ಬರೆಯುತ್ತಿರುವುದು. ಲಕೋಟೆ ಅಂಟಿಸಿ ಅಂಚೆಗೆ ಹಾಕಿ ಬನ್ನಿ ಎಂದು ಅಮ್ಮ ಕೊಟ್ಟಳು. ಅಂಟಿಸುವ ಮೊದಲು ಇಷ್ಟನ್ನು ಸೇರಿಸುತ್ತಿದ್ದೇನೆ.

ಚಿಕಿತ್ಸೆ ಆದಾಗಿನಿಂದ ಅವಳ ನಾಲಿಗೆಗೆ ಉಪ್ಪು ಕೂಡ ಗೊತ್ತಾಗುವುದಿಲ್ಲ. ಒಲೆಯ ಮೇಲೆ ಹಾಲು ಸೀದರೂ ಮೂಗಿಗೆ ತಿಳಿಯುವುದಿಲ್ಲ. ನಿನ್ನ ಏಲ್ ಕುಡಿದವನು ನಾನು. ಅವಳು ಎದುರು ಕೂತು, ಕಹಿ ಎಲ್ಲಿ ಹಿಡೀತು ರೀ, ತುದಿಗೋ ಬುಡಕ್ಕೋ ಎಂದು ಕೇಳಿ ಕೇಳಿ ಬರೆದುಕೊಂಡಳು. ನನಗೆ ಬರುವುದು ದರ್ಜಿಯ ಮಾತು. ಅದನ್ನೇ ಹೇಳಿದೆ, ಅದನ್ನೇ ಬರೆದಳು.

ಮೂರನೇ ಗುಟುಕಿಗೆ, ಹುಳಿ ಇಲ್ಲ ತಾನೇ ಎಂದು ಕೇಳಿದಳು. ಇತ್ತು. ಹಲ್ಲು ಜುಮ್ಮೆನ್ನುವಷ್ಟು ಇತ್ತು. ಆದರೆ ಎಷ್ಟೋ ತಿಂಗಳ ಮೇಲೆ ಅವಳ ಮುಖ ಅರಳಿತ್ತಮ್ಮ. ನನ್ನ ಕೈಲಾಗಲಿಲ್ಲ, ಇಲ್ಲ ಕಣೇ ಅಂದುಬಿಟ್ಟೆ. ಅವಳು ಒದ್ದೆ ಮೇಜನ್ನು ನೋಡಿದಳು, ನನ್ನನ್ನು ನೋಡಿದಳು. ಮತ್ತೆ ಕೇಳಲಿಲ್ಲ.

ಏಲ್ ಕೆಟ್ಟಿದೆ. ಕಳಿಸಬೇಡ, ಎಲ್ಲ ಚೆಲ್ಲಿಬಿಡು. ವೈದ್ಯೆ ನಮ್ಮ ಮುಂದೆ ನಗುವುದನ್ನು ಬಿಟ್ಟು ಬಹಳ ದಿನವಾಯಿತು, ಆದ್ದರಿಂದ ಈ ಕಾಗದ ಸಿಕ್ಕ ದಿನವೇ ಹೊರಟು ಬಾ. ಶುಕ್ರವಾರ ಕಳೆದ ಮೇಲೆ ಅವಳು ಏಲ್ ಬಗ್ಗೆ ಕೇಳಿದರೆ, ಅಂಗಡಿಯವರು ಇನ್ನೂ ಬೇಕು ಅಂತ ಪ್ರಾಣ ತಿಂತಿದ್ದಾರೆ ಅನ್ನು.